ಶ್ರುತಿಯೋ, ಸ್ಮೃತಿಯೋ, ಪುರಾಣವೋ, ಆಗಮವೋ? ಶಾಸ್ತ್ರವಾಕ್ಯದ ಆಕರ ಹಿಡಿದು ಹೋಲಿಸುವ ಸಮಗ್ರ ಮಾರ್ಗದರ್ಶಿ

"ವೇದದಲ್ಲಿ ಹೀಗಿದೆ, ಪುರಾಣದಲ್ಲಿ ಹಾಗಿದೆ, ಯಾವುದು ಸರಿ?" ಎಂದು ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಸಾಲು ಸಂಸ್ಕೃತ ಇರುತ್ತದೆ. ಕೆಳಗೆ ಕನ್ನಡದ ಅರ್ಥವೂ ಇರುತ್ತದೆ. ಆ ಸಾಲು ಯಾವ ಗ್ರಂಥದ ಎಷ್ಟನೆಯ ಅಧ್ಯಾಯದ್ದು ಎಂಬುದು ಮಾತ್ರ ಇರುವುದಿಲ್ಲ. ಹೀಗೆ ಆಕರವಿಲ್ಲದೆ ಅರ್ಥದಿಂದಲೇ ಹೊರಟವರ ಹೋಲಿಕೆ ಎಲ್ಲಿಗೂ ಮುಟ್ಟುವುದಿಲ್ಲ. ಎಡವುವ ಜಾಗವೂ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ: ವ್ಯಾಖ್ಯಾನಕಾರರ ಮಾತನ್ನು ಮೂಲವೆಂದು ತಿಳಿಯುತ್ತಾರೆ, ಪುರಾಣದ ಕಥೆಯನ್ನು ವೇದದ ಬಾಯಿಗೆ ತುರುಕುತ್ತಾರೆ, ಇಲ್ಲವೇ ಪೂಜಾವಿಧಿ ಹೇಳುವ ಗ್ರಂಥವನ್ನು ತತ್ತ್ವ ಹೇಳುವ ಗ್ರಂಥದ ಎದುರು ನಿಲ್ಲಿಸಿ ಜಗಳ ಹಚ್ಚುತ್ತಾರೆ.

ಇದಕ್ಕೆ ಪರಿಹಾರ ಕೆಲಸದ ಅನುಕ್ರಮದಲ್ಲಿದೆ. ಮೊದಲು ಪಾಠ, ಆಮೇಲೆ ಆಕರ, ಆಮೇಲೆ ಪದರ, ಅದಾದ ಮೇಲೆ ಅರ್ಥ, ಕೊನೆಯಲ್ಲಿ ಹೋಲಿಕೆ. ಈ ಕ್ರಮ ತಪ್ಪಿಸಬೇಡಿ. ಪಾಠ ಎಂದರೆ ಮೂಲದ ಅಕ್ಷರಶಃ ಪದಗಳು. ಶ್ರುತಿ ಎಂದರೆ ವೇದ, ಸ್ಮೃತಿ ಎಂದರೆ ಮನುಸ್ಮೃತಿಯಂಥ ಧರ್ಮಶಾಸ್ತ್ರ, ಇತಿಹಾಸ ಎಂದರೆ ರಾಮಾಯಣ ಮತ್ತು ಮಹಾಭಾರತ, ಆಗಮ ಎಂದರೆ ಪೂಜೆ, ದೇವಾಲಯ, ತತ್ತ್ವಗಳನ್ನು ಹೇಳುವ ಶೈವ, ವೈಷ್ಣವ, ಶಾಕ್ತ ಗ್ರಂಥಗಳು. ಇವೂ ಪುರಾಣಗಳೂ ಮುಂದೆ ಹೇಳುವ 'ವರ್ಗ'ಗಳು.

## ಶುರುಮಾಡುವ ಮುನ್ನ ಕೈಗೆಟುಕುವಂತೆ ಇರಬೇಕಾದವು

ಒಂದು ನೋಟ್‌ಬುಕ್. ಪ್ರತಿ ವಾಕ್ಯಕ್ಕೂ ಒಂದು ಪೂರ್ತಿ ಪುಟ ಬಿಡಿ. ಪುಟದಲ್ಲಿ ಐದು ಅಂಕಣಗಳಿರಲಿ: ಪಾಠ, ಆಕರ, ಯಾರು ಯಾರಿಗೆ ಹೇಳಿದ್ದು, ಮೂಲದ ನೇರ ಅರ್ಥ, ವ್ಯಾಖ್ಯಾನ ಸೇರಿಸಿದ್ದು. ಕೊನೆಯ ಎರಡನ್ನು ಒಂದೇ ಅಂಕಣಕ್ಕೆ ಹಾಕಿದರೆ ಇಡೀ ಶ್ರಮ ವ್ಯರ್ಥ.

ಮೂಲವೂ ಅನುವಾದವೂ ಜೊತೆಯಲ್ಲಿ ಅಚ್ಚಾದ, ಅಧ್ಯಾಯ ಮತ್ತು ಶ್ಲೋಕಸಂಖ್ಯೆ ನಮೂದಿಸಿದ ಪುಸ್ತಕಗಳು ಬೇಕು. ಬರೀ ಕಥಾಸಾರದ ಪುಸ್ತಕ ಈ ಕೆಲಸಕ್ಕೆ ಬಾರದು. ಕೊಳ್ಳುವ ಮುನ್ನ ಕೊನೆಯ ಪುಟಗಳನ್ನು ತಿರುವಿ ನೋಡಿ. ಅಕಾರಾದಿ ಶ್ಲೋಕಾನುಕ್ರಮಣಿಕೆ ಇರುವ ಆವೃತ್ತಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ವೇದಮಂತ್ರಗಳ ಪಾದಗಳನ್ನು ಹುಡುಕಲು ಬ್ಲೂಮ್‌ಫೀಲ್ಡ್ 1906ರಲ್ಲಿ ಹೊರತಂದ ವೈದಿಕ ಪಾದಸೂಚಿ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅದು ರೋಮನ್ ಲಿಪಿಯಲ್ಲಿದೆ, ಮೊದಲ ವಾರ ಸ್ವಲ್ಪ ತಡಕಾಡಬೇಕಾಗುತ್ತದೆ.

## ಹಂತ 1: ಪಾಠವನ್ನು ಸರಿಯಾಗಿ ಬರೆದುಕೊಳ್ಳಿ

ಫೋನಿಗೆ ಬಂದ ಸಾಲನ್ನು ಹಾಗೇ ನಕಲು ಮಾಡಿ ಹುಡುಕಿದರೆ ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಕನ್ನಡ ಲಿಪಿಯಲ್ಲಿ ನಾವು ವರ್ಗದ ಅನುನಾಸಿಕಗಳಿಗೆಲ್ಲ ಸೊನ್ನೆ ಹಾಕುತ್ತೇವೆ, ನಾಗರಿಯ ಹಳೆಯ ಮುದ್ರಣಗಳಲ್ಲಿ ಙ, ಞ, ಣ, ನ, ಮ ಬಿಡಿಬಿಡಿಯಾಗಿ ಇರುತ್ತವೆ. ನಾವು 'ಮಂಗಳ' ಎನ್ನುವುದು ಅಲ್ಲಿ 'ಮಙ್ಗಲ'. ಋಕಾರವನ್ನು 'ರು' ಎಂದೂ, 'ಚ್ಛ'ವನ್ನು 'ಚ್ಚ' ಎಂದೂ ಬರೆದಿರುವುದು ತೀರಾ ಸಾಮಾನ್ಯ. ಹೀಗಾಗಿ ಪೂರ್ತಿ ಸಾಲು ಹುಡುಕಬೇಡಿ. ಸಂಧಿ ಬಿಡಿಸಿ, ಅಪರೂಪದ ಎರಡು ಮೂರು ಪದಗಳನ್ನು ಆರಿಸಿಕೊಳ್ಳಿ. 'ಧರ್ಮ', 'ದೇವ', 'ಸರ್ವ' ಇಂಥವು ಎಲ್ಲ ಕಡೆ ಇರುವುದರಿಂದ ದಾರಿ ತೋರಿಸುವುದಿಲ್ಲ.

ಸಾಲು ಪೂರ್ತಿ ಇದೆಯೇ ಎಂದೂ ನೋಡಿ. ಅನುಷ್ಟುಪ್ ಶ್ಲೋಕವಾದರೆ ಎಂಟೆಂಟು ಅಕ್ಷರದ ನಾಲ್ಕು ಪಾದ, ಒಟ್ಟು 32 ಅಕ್ಷರ. ಎಣಿಸಿದಾಗ 16 ಬಂದರೆ ನಿಮ್ಮ ಬಳಿ ಇರುವುದು ಅರ್ಧ ಮಾತ್ರ. ಉಳಿದರ್ಧ ಅರ್ಥವನ್ನೇ ತಿರುಗಿಸಬಹುದು.

ಉಳಿದರ್ಧವೆಂದು ಯಾರೋ ಜೋಡಿಸಿ ಕೊಟ್ಟಿದ್ದನ್ನೂ ನಂಬಿಬಿಡಬೇಡಿ. 'ಅಹಿಂಸಾ ಪರಮೋ ಧರ್ಮಃ' ಎಂಬುದು ಮಹಾಭಾರತದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. 'ಧರ್ಮಹಿಂಸಾ ತಥೈವ ಚ' ಎಂದು ಅದಕ್ಕೆ ಅಂಟಿಸಿ ಹರಡುತ್ತಿರುವ ಪಾದ ಅಲ್ಲಿ ಯಾವ ಕಡೆಯೂ ಅದರ ಜೊತೆಗಿಲ್ಲ.

## ಹಂತ 2: ಹೊರಲಕ್ಷಣ ನೋಡಿ ವರ್ಗವನ್ನು ಊಹಿಸಿ

ಆಕರ ಹುಡುಕುವುದಕ್ಕೆ ಮುಂಚೆಯೇ ವಾಕ್ಯದ ಮೈಮೇಲೆ ಅರ್ಧ ಉತ್ತರ ಬರೆದಿರುತ್ತದೆ. ಇಲ್ಲಿ ಮಾಡುವುದು ಊಹೆ ಮಾತ್ರ; ಪೆನ್ಸಿಲ್‌ನಲ್ಲೇ ಬರೆಯಿರಿ.

ಅಕ್ಷರದ ಕೆಳಗೆ ಅಡ್ಡಗೆರೆ, ಮೇಲೆ ನಿಂತಗೆರೆ ಇದ್ದರೆ ಅದು ಸ್ವರಸಹಿತ, ಅಂದರೆ ದನಿಯ ಏರಿಳಿತದ ಗುರುತುಗಳಿರುವ, ವೈದಿಕ ಪಾಠ. ಕೆಳಗಿನದು ಅನುದಾತ್ತ, ಮೇಲಿನದು ಸ್ವರಿತ. ಉದಾತ್ತಕ್ಕೆ ಸಾಮಾನ್ಯವಾಗಿ ಗುರುತಿಲ್ಲ. ಗೆರೆಗಳಿಲ್ಲ ಎಂದಾಕ್ಷಣ ವೈದಿಕವಲ್ಲ ಎನ್ನಲಾಗದು. ಎಷ್ಟೋ ಪುಸ್ತಕಗಳು ಸ್ವರ ಬಿಟ್ಟು ಅಚ್ಚು ಹಾಕುತ್ತವೆ.

ಭಾಷೆ ಇನ್ನೂ ಗಟ್ಟಿ ಸಾಕ್ಷಿ. 'ಆ ನೋ ಭದ್ರಾಃ ಕ್ರತವೋ ಯಂತು ವಿಶ್ವತಃ' ನೋಡಿ (ಋಗ್ವೇದ 1.89.1). ಆರಂಭದ 'ಆ' ಮತ್ತು ಆಚೆಯ 'ಯಂತು' ಸೇರಿ 'ಆಯಂತು' ಎಂಬ ಒಂದೇ ಕ್ರಿಯಾಪದ. ಉಪಸರ್ಗ ಹೀಗೆ ಧಾತುವಿನಿಂದ ದೂರ ನಿಲ್ಲುವುದು ವೇದದ ಭಾಷೆಯಲ್ಲಿ. ಪುರಾಣದ ಸಂಸ್ಕೃತ ಇದನ್ನು ಬಿಟ್ಟಿದೆ. 'ದೇವಾಃ' ಎನ್ನುವಲ್ಲಿ 'ದೇವಾಸಃ', 'ದೇವೈಃ' ಎನ್ನುವಲ್ಲಿ 'ದೇವೇಭಿಃ' ಕಂಡರೂ ವೈದಿಕವೆಂದು ಗುರುತು ಹಾಕಿ. ಸ್ವರಗಳ ನಡುವಿನ ಡಕಾರ ಳಕಾರವಾಗುವುದು ಋಗ್ವೇದದ ಲಕ್ಷಣ, 'ಅಗ್ನಿಮೀಳೇ' ಎಂಬಲ್ಲಿಯಂತೆ. ಕನ್ನಡಿಗರಾದ ನಾವು ಇಲ್ಲಿ ಎರಡು ಪಟ್ಟು ಎಚ್ಚರದಿಂದಿರಬೇಕು. ಲಕಾರವನ್ನು ಳಕಾರ ಮಾಡಿ ಬರೆಯುವುದು ನಮ್ಮ ರೂಢಿಯಾದ್ದರಿಂದ 'ಮಂಗಳ'ದ ಳಕಾರ ಏನನ್ನೂ ಸೂಚಿಸುವುದಿಲ್ಲ.

ಮುಂದೆ, ಮಾತನಾಡುವವರು ಯಾರು ನೋಡಿ. 'ವೈಶಂಪಾಯನ ಉವಾಚ' ಇದ್ದರೆ ಮಹಾಭಾರತದ ಕಡೆ, 'ಶ್ರೀಶುಕ ಉವಾಚ' ಇದ್ದರೆ ಭಾಗವತದ ಕಡೆ ಹೊರಡಿ. ಸೂತರು ಶೌನಕಾದಿಗಳಿಗೆ ಹೇಳುತ್ತಿದ್ದರೆ ಪುರಾಣವಿರಬಹುದು, ಭಾರತದ ಆದಿಪರ್ವವೂ ಇರಬಹುದು. ದೇವಿ ಕೇಳಿ ಈಶ್ವರ ಉತ್ತರಿಸುತ್ತಿದ್ದರೆ ಆಗಮವೋ ತಂತ್ರವೋ, ಅಥವಾ ಅದೇ ಅಚ್ಚಿನಲ್ಲಿ ಎರಕಹೊಯ್ದ ಪುರಾಣಭಾಗವೋ ಆಗಬಹುದು. 'ಅಥಾತೋ' ಎಂದು ಶುರುವಾಗುವ ತುಂಡು ವಾಕ್ಯಗಳು ಸೂತ್ರಗ್ರಂಥಗಳವು. ಯಜ್ಞದ ಒಂದೊಂದು ಕ್ರಿಯೆಗೂ ಕಾರಣ ಹೇಳುತ್ತ, 'ಯ ಏವಂ ವೇದ' ಎಂದು ಮುಗಿಯುವ ಗದ್ಯ ಬ್ರಾಹ್ಮಣಗ್ರಂಥದ್ದು.

ಇಷ್ಟು ಗೊತ್ತಿದ್ದರೆ ಎಷ್ಟೋ ತಪ್ಪು ಹೆಸರಿನ ಚೀಟಿಗಳು ತಾವಾಗಿ ಕಳಚಿ ಬೀಳುತ್ತವೆ. 'ಸರ್ವೇ ಭವಂತು ಸುಖಿನಃ' ಶ್ಲೋಕವನ್ನು ಬೃಹದಾರಣ್ಯಕ ಉಪನಿಷತ್ತಿನದೆಂದು ಬರೆಯುವವರು ಬಹಳ. ಆ ಉಪನಿಷತ್ತು ಬಹುಪಾಲು ಗದ್ಯ. ಈ ಸಾಲಾದರೋ ನಯವಾದ ಶ್ಲೋಕ. ಅಷ್ಟಕ್ಕೇ ಅನುಮಾನ ಬರಬೇಕು. ಹುಡುಕಿ ನೋಡಿದರೆ ಅದು ಅಲ್ಲಿಲ್ಲ. ಅಲ್ಲಿ ಇರುವುದು 'ಅಸತೋ ಮಾ ಸದ್ಗಮಯ' (1.3.28).

## ಹಂತ 3: ಆಕರವನ್ನು ಅಂಕಿಯಲ್ಲಿ ಬರೆಯಿರಿ

'ಋಗ್ವೇದದಲ್ಲಿ ಇದೆ' ಎಂಬುದು ಆಕರವಲ್ಲ. 10 ಮಂಡಲ, 1028 ಸೂಕ್ತಗಳ ಒಳಗೆ ಅದು ಎಲ್ಲಿದೆ ಎಂದು ಹೇಳಬೇಕು. ಪ್ರತಿ ವರ್ಗಕ್ಕೂ ಎಣಿಕೆಯ ರೀತಿ ಬೇರೆ, ಆ ರೀತಿಯೇ ನಿಮಗೆ ತಪಾಸಣೆಯ ಸಾಧನ.

ಋಗ್ವೇದಕ್ಕೆ ಮಂಡಲ, ಸೂಕ್ತ, ಮಂತ್ರ: ಗಾಯತ್ರೀ 3.62.10. ತೈತ್ತಿರೀಯ ಸಂಹಿತೆಗೆ ಕಾಂಡ, ಪ್ರಶ್ನ, ಅನುವಾಕ: ನಮಕ 4.5, ಚಮಕ 4.7. ಮನುಸ್ಮೃತಿಗೆ 12 ಅಧ್ಯಾಯ, ಅದರೊಳಗೆ ಶ್ಲೋಕ. ರಾಮಾಯಣಕ್ಕೆ ಕಾಂಡ, ಸರ್ಗ, ಶ್ಲೋಕ. ಭಾರತಕ್ಕೆ ಪರ್ವ, ಅಧ್ಯಾಯ, ಶ್ಲೋಕ. ಭಾಗವತಕ್ಕೆ 12 ಸ್ಕಂಧ, ಒಳಗೆ ಅಧ್ಯಾಯ, ಶ್ಲೋಕ. ಯಾರಾದರೂ 'ಋಗ್ವೇದ, ಅಧ್ಯಾಯ 14, ಶ್ಲೋಕ 6' ಎಂದು ಕೊಟ್ಟರೆ ಅವರು ಪುಸ್ತಕ ತೆರೆದಿಲ್ಲ ಎಂದೇ ತಿಳಿಯಿರಿ.

ಆವೃತ್ತಿಯ ಹೆಸರನ್ನೂ ಪಕ್ಕದಲ್ಲಿ ಬರೆಯುವುದು ಕಡ್ಡಾಯ. ಪುಣೆಯ ಭಂಡಾರಕರ ಸಂಸ್ಥೆ 1919ರಿಂದ 1966ರವರೆಗೆ ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯ ಅಧ್ಯಾಯಸಂಖ್ಯೆಗೂ ನಮ್ಮ ಕಡೆ ಓದುವ ದಾಕ್ಷಿಣಾತ್ಯ ಪಾಠದ ಸಂಖ್ಯೆಗೂ ತಾಳೆಯಾಗುವುದಿಲ್ಲ. ಸಂಖ್ಯೆ ಹೊಂದದಿದ್ದರೆ 'ಶ್ಲೋಕವೇ ಇಲ್ಲ' ಎಂದು ತೀರ್ಪು ಕೊಡಬೇಡಿ, ಹಿಂದೆ ಮುಂದೆ ಐದಾರು ಅಧ್ಯಾಯ ನೋಡಿ. ಬರೋಡಾದಿಂದ 1960ರಿಂದ 1975ರ ನಡುವೆ ಬಂದ ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿಗೂ ಇದೇ ಮಾತು.

ಸಿಕ್ಕಿದ ಜಾಗದ ಹಿಂದಿನ ಹತ್ತು, ಮುಂದಿನ ಹತ್ತು ಶ್ಲೋಕಗಳನ್ನು ಓದದೆ ಮುಂದಿನ ಹಂತಕ್ಕೆ ಹೋಗಬಾರದು. 'ಯತ್ರ ನಾರ್ಯಸ್ತು ಪೂಜ್ಯಂತೇ' ಮನುಸ್ಮೃತಿಯ 3.56, 'ನ ಸ್ತ್ರೀ ಸ್ವಾತಂತ್ರ್ಯಮರ್ಹತಿ' ಅದೇ ಗ್ರಂಥದ 9.3. ಒಬ್ಬರು ಮೊದಲನೆಯದನ್ನು, ಇನ್ನೊಬ್ಬರು ಎರಡನೆಯದನ್ನು ಹಿಡಿದು ಕಾದಾಡುವುದನ್ನು ನೋಡುತ್ತಲೇ ಇರುತ್ತೇವೆ. ಮೊದಲನೆಯದು ಗೃಹಸ್ಥನು ಮನೆಯ ಹೆಣ್ಣುಮಕ್ಕಳಿಗೆ ಉಡುಗೆ ತೊಡುಗೆ ಕೊಟ್ಟು ಗೌರವಿಸಬೇಕೆಂಬ ಪ್ರಕರಣದಲ್ಲಿದೆ, ಎರಡನೆಯದು ಗಂಡಹೆಂಡಿರ ವ್ಯವಹಾರಧರ್ಮದ ಪ್ರಕರಣದಲ್ಲಿ. ಎರಡೂ ಇದೆ, ಎರಡನ್ನೂ ಪುಟಕ್ಕೆ ಬರೆಯಬೇಕು. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಮುಚ್ಚಿಡುವುದು ಅಧ್ಯಯನವಲ್ಲ.

## ಹಂತ 4: ವರ್ಗದೊಳಗಿನ ಪದರವನ್ನು ಗುರುತಿಸಿ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ನೋಡೋಣ.

ವೇದದ ಒಳಗೆ. ಸಂಹಿತೆ, ಬ್ರಾಹ್ಮಣ, ಆರಣ್ಯಕ, ಉಪನಿಷತ್ತು ಎಂಬ ನಾಲ್ಕು ಪದರಗಳನ್ನು ಶಾಲೆಯಲ್ಲೇ ಕಲಿತಿರುತ್ತೇವೆ. ಅವು ನಾಲ್ಕು ಪ್ರತ್ಯೇಕ ಪುಸ್ತಕಗಳೆಂದುಕೊಂಡರೆ ಮಾತ್ರ ಕೆಟ್ಟಿತು. ಈಶಾವಾಸ್ಯ ಉಪನಿಷತ್ತು ಶುಕ್ಲ ಯಜುರ್ವೇದ ಸಂಹಿತೆಯ 40ನೆಯ ಅಧ್ಯಾಯವೇ. ಬೃಹದಾರಣ್ಯಕ ಶತಪಥ ಬ್ರಾಹ್ಮಣದ ಕೊನೆಯ ಭಾಗ. 'ಸತ್ಯಂ ವದ, ಧರ್ಮಂ ಚರ' ಎಂಬ ಮಾತಿರುವ ತೈತ್ತಿರೀಯ ಉಪನಿಷತ್ತು ತೈತ್ತಿರೀಯ ಆರಣ್ಯಕದ 7, 8, 9ನೆಯ ಪ್ರಪಾಠಕಗಳು. ಹಾಗಾಗಿ 'ವೇದದಲ್ಲಿದೆಯೋ, ಉಪನಿಷತ್ತಿನಲ್ಲಿದೆಯೋ' ಎಂಬ ಪ್ರಶ್ನೆಯೇ ತಪ್ಪು. ಯಾವ ವೇದ, ಯಾವ ಶಾಖೆ, ಯಾವ ಪದರ ಎಂದು ಕೇಳಿಕೊಳ್ಳಿ.

ಶಾಖೆ, ಅಂದರೆ ವೇದವನ್ನು ಪಾಠ ಹೇಳಿಕೊಂಡು ಬಂದ ಪರಂಪರೆ, ಏಕೆ ಮುಖ್ಯವೆಂದರೆ ಒಂದೇ ಸೂಕ್ತ ಎರಡು ಕಡೆ ಎರಡು ಪಾಠದಲ್ಲಿರುತ್ತದೆ. ಪುರುಷಸೂಕ್ತ ಋಗ್ವೇದದಲ್ಲಿ 10.90, 16 ಮಂತ್ರ. ತೈತ್ತಿರೀಯ ಆರಣ್ಯಕದ ಮೂರನೆಯ ಪ್ರಪಾಠಕದಲ್ಲಿ ಅದೇ ಸೂಕ್ತ ಹೆಚ್ಚಿನ ಮಂತ್ರಗಳೊಂದಿಗೆ ಬರುತ್ತದೆ. ನಿಮ್ಮ ಮನೆಯ ಪುರೋಹಿತರು ಹೇಳುವ ಪಾಠ ಪುಸ್ತಕದಲ್ಲಿ ಇದ್ದಂತೆ ಇಲ್ಲವೆಂದರೆ ಅವರು ತಪ್ಪು ಹೇಳುತ್ತಿದ್ದಾರೆಂದಲ್ಲ. ಅವರದು ಬೇರೆ ಶಾಖೆ ಇರಬಹುದು. ಶ್ರೀಸೂಕ್ತವಂತೂ ಋಗ್ವೇದದ ಖಿಲಭಾಗದ್ದು, ಅಂದರೆ ಅನುಬಂಧದ್ದು, ಆ 1028ರ ಮುಖ್ಯ ಎಣಿಕೆಯೊಳಗೆ ಸಿಗುವುದಿಲ್ಲ.

ಉಪನಿಷತ್ತುಗಳ ಒಳಗೆ. ಮುಕ್ತಿಕೋಪನಿಷತ್ತು 108 ಹೆಸರುಗಳ ಪಟ್ಟಿ ಕೊಡುತ್ತದೆ. ಶಂಕರರೂ ಮಧ್ವರೂ ಭಾಷ್ಯ ಬರೆದ ಈಶ, ಕೇನ, ಕಠ, ಪ್ರಶ್ನ, ಮುಂಡಕ, ಮಾಂಡೂಕ್ಯ, ತೈತ್ತಿರೀಯ, ಐತರೇಯ, ಛಾಂದೋಗ್ಯ, ಬೃಹದಾರಣ್ಯಕ ಈ ಹತ್ತು ಬೇರೆ ತೂಕದವು. 'ವಸುಧೈವ ಕುಟುಂಬಕಂ' ಉಪನಿಷತ್ತಿನ ಮಾತೇ ಹೌದು, ಆದರೆ ಈ ಹತ್ತರದಲ್ಲ. ಅದು ಮಹೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿದೆ. ಹಿತೋಪದೇಶದಲ್ಲೂ ಬರುತ್ತದೆ, ಅಲ್ಲಿ ಅದನ್ನು ಆಡುವವನು ಕಪಟಿ ನರಿ. ಒಂದೇ ಮಾತಿನ ಬೆಲೆ ಜಾಗ ಬದಲಾದಂತೆ ಎಷ್ಟು ಬದಲಾಗುತ್ತದೆ ನೋಡಿ.

ಗೀತೆ ಯಾವ ವರ್ಗ? ಪ್ರತಿ ಅಧ್ಯಾಯದ ಕೊನೆಯಲ್ಲಿ 'ಶ್ರೀಮದ್ಭಗವದ್ಗೀತಾಸೂಪನಿಷತ್ಸು' ಎಂದು ಇರುವುದರಿಂದ ಹಲವರು ಅದನ್ನು ಶ್ರುತಿಯ ವರ್ಗಕ್ಕೆ ಹಾಕುತ್ತಾರೆ. ಗೀತೆ ಭೀಷ್ಮಪರ್ವದ ಭಾಗ, ಅಂದರೆ ಇತಿಹಾಸ. ವೇದಾಂತದ ಮೂರು ಆಧಾರಗಳಾದ ಪ್ರಸ್ಥಾನತ್ರಯದಲ್ಲಿ ಅದು ಸ್ಮೃತಿಪ್ರಸ್ಥಾನ. ಉಪನಿಷತ್ತು ಶ್ರುತಿಪ್ರಸ್ಥಾನ, ಬ್ರಹ್ಮಸೂತ್ರ ನ್ಯಾಯಪ್ರಸ್ಥಾನ. ಇನ್ನೊಂದು ತೊಡಕೂ ಇದೆ: ಕಠೋಪನಿಷತ್ತಿನ 'ನ ಜಾಯತೇ ಮ್ರಿಯತೇ ವಾ ವಿಪಶ್ಚಿತ್' (1.2.18) ಗೀತೆಯಲ್ಲಿ 'ನ ಜಾಯತೇ ಮ್ರಿಯತೇ ವಾ ಕದಾಚಿತ್' (2.20) ಆಗಿದೆ. ಈ ಪಾದದಲ್ಲಿ ಒಂದು ಪದದ ವ್ಯತ್ಯಾಸ. ಇಂಥ ಕಡೆ ಎರಡು ಆಕರಗಳನ್ನೂ ಬರೆದು ನಡುವೆ ಬಾಣದ ಗುರುತು ಹಾಕಿ.

ಪುರಾಣಗಳ ಒಳಗೆ. 18 ಮಹಾಪುರಾಣಗಳ ಹೆಸರಿಗೆ ಹಳೆಯ ಜ್ಞಾಪಕಶ್ಲೋಕವೇ ಸಾಕು: 'ಮದ್ವಯಂ ಭದ್ವಯಂ ಚೈವ ಬ್ರತ್ರಯಂ ವಚತುಷ್ಟಯಂ, ಅನಾಪಲಿಂಗಕೂಸ್ಕಾನಿ'. ಮ ಎರಡು (ಮತ್ಸ್ಯ, ಮಾರ್ಕಂಡೇಯ), ಭ ಎರಡು (ಭವಿಷ್ಯ, ಭಾಗವತ), ಬ್ರ ಮೂರು (ಬ್ರಹ್ಮ, ಬ್ರಹ್ಮಾಂಡ, ಬ್ರಹ್ಮವೈವರ್ತ), ವ ನಾಲ್ಕು (ವರಾಹ, ವಾಮನ, ವಾಯು, ವಿಷ್ಣು). ಮಿಕ್ಕವು ಅಗ್ನಿ, ನಾರದ, ಪದ್ಮ, ಲಿಂಗ, ಗರುಡ, ಕೂರ್ಮ, ಸ್ಕಾಂದ. ವಾಯುವಿನ ಜಾಗದಲ್ಲಿ ಶಿವಪುರಾಣವನ್ನು ಎಣಿಸುವ ಪಟ್ಟಿಗಳೂ ಇವೆ.

ಪುರಾಣದಲ್ಲಿ ಪುಷ್ಪಿಕೆ, ಅಂದರೆ ಅಧ್ಯಾಯದ ಕೊನೆಯ ಸಮಾಪ್ತಿವಾಕ್ಯ, ಒಂದು ಸುಳಿವು ಅಷ್ಟೇ. 'ಇತಿ ಶ್ರೀಸ್ಕಂದಪುರಾಣೇ ರೇವಾಖಂಡೇ' ಎಂಬುದನ್ನು ಸತ್ಯನಾರಾಯಣ ವ್ರತಕಥೆಯಲ್ಲಿ ಎಲ್ಲರೂ ಕೇಳಿದ್ದೇವೆ. ಸ್ಕಾಂದ ಬಹುದೊಡ್ಡ ಪುರಾಣ. ಎಷ್ಟೋ ಕ್ಷೇತ್ರಮಾಹಾತ್ಮ್ಯಗಳು, ವ್ರತಕಥೆಗಳು ಅದರ ಹೆಸರಿನಲ್ಲಿ ಬಿಡಿಯಾಗಿಯೂ ಹರಿದಾಡಿವೆ. ಪುಷ್ಪಿಕೆಯಲ್ಲಿ ಹೆಸರಿದ್ದರೆ 'ಸ್ಕಾಂದದ ಹೆಸರಿನಲ್ಲಿದೆ' ಎಂದು ಬರೆಯಿರಿ. ಸಮಗ್ರ ಆವೃತ್ತಿಯಲ್ಲಿ ಅಧ್ಯಾಯ ಕಣ್ಣಾರೆ ಕಂಡ ಮೇಲೆ 'ಸ್ಕಾಂದದಲ್ಲಿದೆ' ಎಂದು ತಿದ್ದಿ.

ಆಗಮಗಳ ಒಳಗೆ. ಶೈವದಲ್ಲಿ ಕಾಮಿಕದಿಂದ ಶುರುವಾಗುವ 28, ವೈಷ್ಣವದಲ್ಲಿ ಪಾಂಚರಾತ್ರ ಮತ್ತು ವೈಖಾನಸ ಎಂಬ ಎರಡು ಧಾರೆ, ಇವಲ್ಲದೆ ಶಾಕ್ತ ತಂತ್ರಗಳು. ಪೂರ್ತಿಯಾದ ಆಗಮದಲ್ಲಿ ಜ್ಞಾನ, ಯೋಗ, ಕ್ರಿಯಾ, ಚರ್ಯಾ ಎಂಬ ನಾಲ್ಕು ಪಾದಗಳು, ಅಂದರೆ ಭಾಗಗಳು, ಇರಬೇಕೆಂದು ಲೆಕ್ಕ. ವಾಕ್ಯ ಯಾವ ಪಾದದ್ದು ಎಂದು ಬರೆಯದೆ ಬಿಡಬೇಡಿ. ಕ್ರಿಯಾಪಾದದ ಪ್ರತಿಷ್ಠಾವಿಧಿಯನ್ನು ಜ್ಞಾನಪಾದದ ತತ್ತ್ವದಂತೆ ಓದಿದರೆ ಎರಡೂ ಕೈತಪ್ಪುತ್ತವೆ. ತಿರುಮಲೆಯಲ್ಲಿ ವೈಖಾನಸ, ಮೇಲುಕೋಟೆಯಲ್ಲಿ ಪಾಂಚರಾತ್ರ. ಎರಡೂ ವಿಷ್ಣುವಿನ ಸನ್ನಿಧಿ, ಪೂಜಾಕ್ರಮ ಬೇರೆ. 'ಅಲ್ಲಿ ಹಾಗೆ ಮಾಡುತ್ತಾರೆ, ಇಲ್ಲಿ ಏಕೆ ಇಲ್ಲ' ಎಂದು ಅರ್ಚಕರನ್ನು ತರಾಟೆಗೆ ತೆಗೆದುಕೊಳ್ಳುವ ಮುನ್ನ ಆ ದೇವಸ್ಥಾನದ ಆಗಮ ಯಾವುದೆಂದು ಕೇಳಿ.

ಕನ್ನಡದ ಕೃತಿಗಳು. ಕುಮಾರವ್ಯಾಸ ಭಾರತ, ತೊರವೆ ರಾಮಾಯಣ, ವಚನಗಳು, ದಾಸರ ಪದಗಳು ನಮ್ಮ ನಾಲಗೆಯ ಮೇಲೆಯೇ ಇರುವುದರಿಂದ ಅವುಗಳ ಸಂಗತಿ ಸಂಸ್ಕೃತ ಮೂಲದ್ದೆಂದು ಭ್ರಮೆ ಹುಟ್ಟುತ್ತದೆ. ಇವಕ್ಕೆ ಪ್ರತ್ಯೇಕ ಪುಟ ಇಡಿ. ಪ್ರತ್ಯೇಕ ಎಂದರೆ ಕೀಳು ಎಂದಲ್ಲ. ಅವು ತಮ್ಮ ಕಾಲಮೇಲೆ ನಿಂತ ಕೃತಿಗಳು. ಲಕ್ಷ್ಮಣರೇಖೆ ಎಲ್ಲರ ಬಾಯಲ್ಲೂ ಇದೆ, ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಇಲ್ಲ.

## ಹಂತ 5: ಮೂಲದಿಂದ ವ್ಯಾಖ್ಯಾನವನ್ನು ಬಿಡಿಸಿ

ಪದಚ್ಛೇದ ಮಾಡಿ, ಅಂದರೆ ಸಂಧಿ ಬಿಡಿಸಿ ಪದಗಳನ್ನು ಬೇರೆಮಾಡಿ, ಪ್ರತಿ ಪದದ ಕೆಳಗೆ ಒಂದೊಂದು ಕನ್ನಡ ಪದ ಬರೆಯಿರಿ. ಆಮೇಲೆ ಮುದ್ರಿತ ಅನುವಾದದ ಪಕ್ಕ ಇಡಿ. ನಿಮ್ಮ ಪದಗಳ ಸಾಲಿನಲ್ಲಿ ಇಲ್ಲದ್ದು ಅನುವಾದದಲ್ಲಿ ಇದ್ದರೆ ಅದು ವ್ಯಾಖ್ಯಾನದಿಂದ ಬಂದದ್ದು. ಅದನ್ನು ಐದನೆಯ ಅಂಕಣಕ್ಕೆ ಸಾಗಿಸಿ, ಯಾರ ವ್ಯಾಖ್ಯಾನ ಎಂದೂ ಬರೆಯಿರಿ.

ವ್ಯಾಖ್ಯಾನ ಬೇಡವೆಂದು ಹೇಳುತ್ತಿಲ್ಲ. 14ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಸಾಯಣರು ಬರೆದ ಭಾಷ್ಯವಿಲ್ಲದೆ ಋಗ್ವೇದದ ಎಷ್ಟೋ ಮಂತ್ರಗಳ ಬಾಗಿಲು ನಮಗೆ ತೆರೆಯುವುದೇ ಇಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಟೀಕೆ ಭಾರತದ ಬಹುಭಾಗದಲ್ಲಿ ಆಸ್ತಿ ಹಂಚಿಕೆಗೆ ಆಧಾರವಾಯಿತು. ಅಲ್ಲಿ ಮೂಲಕ್ಕಿಂತ ಟೀಕೆಯೇ ಹೆಚ್ಚು ನಡೆಯಿತು. ಹಾಗಾಗಿ ವ್ಯಾಖ್ಯಾನವನ್ನು ಓದಿ, ಆದರೆ ಅದರ ಮಾತನ್ನು ಅದರ ಹೆಸರಿನಲ್ಲೇ ಹೇಳಿ.

## ಹಂತ 6: ಒಂದೇ ವಿಷಯವನ್ನು ಎಲ್ಲ ವರ್ಗಗಳಲ್ಲಿ ನೋಡಿ

ಈಗ ಹೋಲಿಕೆ. ವಿಷಯ ಕಿರಿದಾಗಿರಲಿ. 'ದೇವರ ಬಗ್ಗೆ ವೇದ ಮತ್ತು ಪುರಾಣ' ಎಂದು ಹೊರಟರೆ ಆಯುಷ್ಯ ಸಾಲದು. 'ವಿಷ್ಣುವಿನ ಮೂರು ಹೆಜ್ಜೆ' ಎಂದು ಇಟ್ಟುಕೊಂಡು ಒಮ್ಮೆ ಪೂರ್ತಿ ಮಾಡಿ ನೋಡೋಣ.

ಸಂಹಿತೆಯಿಂದ ಶುರು. 'ಇದಂ ವಿಷ್ಣುರ್ವಿ ಚಕ್ರಮೇ ತ್ರೇಧಾ ನಿ ದಧೇ ಪದಂ, ಸಮೂಳ್ಹಮಸ್ಯ ಪಾಂಸುರೇ' (ಋಗ್ವೇದ 1.22.17). ವಿಷ್ಣು ಇದನ್ನು ಹೆಜ್ಜೆಹಾಕಿ ದಾಟಿದ, ಮೂರು ಕಡೆ ಪದವಿಟ್ಟ, ಅವನ ಧೂಳಿನಲ್ಲಿ ಇದು ಅಡಗಿದೆ ಎಂಬಷ್ಟೇ ಮಾತು. 1.154ರ ಆರು ಮಂತ್ರಗಳೂ ಆ ಹೆಜ್ಜೆಗಳ ವೈಶಾಲ್ಯವನ್ನೇ ಕೊಂಡಾಡುತ್ತವೆ. ಬಲಿ ಇಲ್ಲ, ವಾಮನ ಇಲ್ಲ, ದಾನ ಇಲ್ಲ. ಪಾಠವನ್ನೂ ಗಮನಿಸಿ: ಇಲ್ಲಿ 'ಸಮೂಳ್ಹಂ', ಯಜುರ್ವೇದದಲ್ಲಿ ಇದೇ ಮಂತ್ರ 'ಸಮೂಢಂ' ಎಂದಿದೆ. ಎರಡನೆಯ ಹಂತದಲ್ಲಿ ಹೇಳಿದ ಳಕಾರದ ಗುರುತು ಇಲ್ಲಿ ಶಾಖೆಯನ್ನೇ ಹಿಡಿದುಕೊಟ್ಟಿತು.

ಬ್ರಾಹ್ಮಣದಲ್ಲಿ ವಾಮನ ಬರುತ್ತಾನೆ. ಶತಪಥ 1.2.5ರಲ್ಲಿ ದೇವತೆಗಳಿಗೂ ಅಸುರರಿಗೂ ಭೂಮಿಯ ಪಾಲಿಗಾಗಿ ಪೈಪೋಟಿ. ವಿಷ್ಣು ಮಲಗಿದಷ್ಟು ಜಾಗ ಕೊಡುತ್ತೇವೆಂದು ಅಸುರರು ಒಪ್ಪುತ್ತಾರೆ. 'ವಾಮನೋ ಹ ವಿಷ್ಣುರಾಸ', ವಿಷ್ಣು ಕುಳ್ಳನಾಗಿದ್ದ. ದೇವತೆಗಳು ಅವನನ್ನು ಛಂದಸ್ಸುಗಳಿಂದ ಸುತ್ತುವರಿದು ಇಡೀ ಭೂಮಿಯನ್ನು ಪಡೆಯುತ್ತಾರೆ. ಇದೆಲ್ಲ ಯಜ್ಞವೇದಿಯನ್ನು ಅಳೆಯುವುದು ಏಕೆ ಎಂಬುದಕ್ಕೆ ಕೊಟ್ಟ ವಿವರಣೆ. ಬಲಿಯ ಹೆಸರು ಇನ್ನೂ ಇಲ್ಲ.

ವೇದದ ಪದಗಳ ಅರ್ಥ ಬಿಡಿಸುವ ವೇದಾಂಗವಾದ ನಿರುಕ್ತದಲ್ಲಿ (12.19) ಯಾಸ್ಕರು ಇಬ್ಬರು ಆಚಾರ್ಯರ ಎರಡು ಅಭಿಪ್ರಾಯ ಕೊಡುತ್ತಾರೆ. ಶಾಕಪೂಣಿಯ ಪ್ರಕಾರ ಮೂರು ಪದಗಳು ಭೂಮಿ, ಅಂತರಿಕ್ಷ, ದ್ಯುಲೋಕ. ಔರ್ಣವಾಭನದು ಸಮಾರೋಹಣ, ವಿಷ್ಣುಪದ, ಗಯಶಿರಸ್ಸು. ಮಂತ್ರದ ಅರ್ಥದ ಬಗ್ಗೆ ಭಿನ್ನಾಭಿಪ್ರಾಯ ಅಷ್ಟು ಹಳೆಯದು.

ಇತಿಹಾಸದಲ್ಲಿ ಬಲಿ ಕಾಣಿಸುತ್ತಾನೆ. ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರರು ಸಿದ್ಧಾಶ್ರಮದ ಕಥೆ ಹೇಳುವಾಗ ವಾಮನ ಮೂರು ಹೆಜ್ಜೆ ಬೇಡಿ ಲೋಕಗಳನ್ನು ಇಂದ್ರನಿಗೆ ಮರಳಿಸಿದ ಸಂಗತಿ ಚಿಕ್ಕದಾಗಿ ಬರುತ್ತದೆ. ಬಲಿ ತಲೆಯೊಡ್ಡುವ ಮಾತಿಲ್ಲ.

ಪುರಾಣದಲ್ಲಿ ಅದು ಅರಳುತ್ತದೆ. ಭಾಗವತದ ಎಂಟನೆಯ ಸ್ಕಂಧದಲ್ಲಿ ಶುಕ್ರಾಚಾರ್ಯರ ಎಚ್ಚರಿಕೆ, ಬಲಿಯ ಮಾತಿನ ನಿಷ್ಠೆ, ಎರಡೇ ಹೆಜ್ಜೆಗೆ ಲೋಕಗಳು ಮುಗಿಯುವುದು, ಆಮೇಲೆ 'ಪದಂ ತೃತೀಯಂ ಕುರು ಶೀರ್ಷ್ಣಿ ಮೇ ನಿಜಂ' (8.22.2), ಮೂರನೆಯ ಹೆಜ್ಜೆಯನ್ನು ನನ್ನ ತಲೆಯ ಮೇಲಿಡು ಎಂಬ ಮಾತು. ಬಲಿಗೆ ಸುತಲವೆಂಬ ಅಧೋಲೋಕ ಸಿಗುತ್ತದೆ, ಭಗವಂತನೇ ಅವನ ಬಾಗಿಲು ಕಾಯುತ್ತಾನೆ. ದೀಪಾವಳಿಯ ಬಲಿಪಾಡ್ಯಮಿಗೆ ನಾವು ನೆನೆಯುವ ಬಲಿ ಇವನು.

ಆಗಮ ಕೇಳುವ ಪ್ರಶ್ನೆಯೇ ಬೇರೆ: ಮೂರ್ತಿಯನ್ನು ಹೇಗೆ ಮಾಡಬೇಕು? ಎತ್ತಿದ ಪಾದ ಮೊಣಕಾಲಿನ ಮಟ್ಟ, ಹೊಕ್ಕುಳಿನ ಮಟ್ಟ, ಹಣೆಯ ಮಟ್ಟ ಎಂದು ತ್ರಿವಿಕ್ರಮನಿಗೆ ಮೂರು ರೂಪಗಳನ್ನು ವೈಖಾನಸ ಆಗಮ ಹೇಳುತ್ತದೆ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಕಾಲೆತ್ತಿ ನಿಂತ ತ್ರಿವಿಕ್ರಮನ ಎದುರು ನಿಂತಾಗ ಪಾದ ಎಷ್ಟು ಎತ್ತರಕ್ಕಿದೆ ಎಂದು ನೋಡಿ ಬನ್ನಿ. ಪುಸ್ತಕದ ಸಾಲು ಕಲ್ಲಿನಲ್ಲಿ ಓದಿದಂತಾಗುತ್ತದೆ.

ಧರ್ಮಶಾಸ್ತ್ರದ ಪುಟ ಖಾಲಿ ಬಿಡಿ. ಸ್ಮೃತಿಗಳ ಕೆಲಸ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಹೇಳುವುದು. ಖಾಲಿ ಪುಟ ತುಂಬಲೇಬೇಕೆಂದು ಎಲ್ಲಿಂದಲೋ ತಂದು ಸುರಿಯುವುದು ಹೊಸಬರು ಮಾಡುವ ದೊಡ್ಡ ತಪ್ಪು.

ಇನ್ನು ಐದನೆಯ ಅಂಕಣ. ಸಾಯಣರು 1.22.17ಕ್ಕೆ ಬರೆಯುವಾಗ ವಿಷ್ಣುವನ್ನು 'ತ್ರಿವಿಕ್ರಮಾವತಾರಧಾರೀ' ಎನ್ನುತ್ತಾರೆ. ಅದನ್ನು ಅನುಸರಿಸಿದ ಅನುವಾದ ಓದಿದವರು 'ಋಗ್ವೇದದಲ್ಲೇ ವಾಮನಾವತಾರ ಇದೆ' ಎನ್ನುತ್ತಾರೆ. ಮೂಲವನ್ನಷ್ಟೇ ಓದಿದವರು 'ಪುರಾಣದವರು ಕಟ್ಟಿದ ಕಥೆ' ಎನ್ನುತ್ತಾರೆ. ನಿಮ್ಮ ಪುಟದಲ್ಲಿ ಎಲ್ಲವೂ ಅದರದರ ಜಾಗದಲ್ಲಿದ್ದರೆ ಈ ಎರಡು ಅವಸರಗಳೂ ಬೇಕಾಗುವುದಿಲ್ಲ.

## ಹಂತ 7: ವಿರೋಧ ಕಂಡರೆ

ಮೊದಲು ಎರಡೂ ಒಂದೇ ಪ್ರಶ್ನೆಗೆ ಉತ್ತರಿಸುತ್ತಿವೆಯೇ ನೋಡಿ. ಮೇಲಿನ ಉದಾಹರಣೆಯಲ್ಲಿ ಬ್ರಾಹ್ಮಣ ವೇದಿಯ ಬಗ್ಗೆ, ಭಾಗವತ ಭಕ್ತಿಯ ಬಗ್ಗೆ, ಆಗಮ ಶಿಲ್ಪದ ಬಗ್ಗೆ ಹೇಳುತ್ತಿದ್ದವು. ಅಲ್ಲಿ ವಿರೋಧವೇ ಇಲ್ಲ. ಬಹುಪಾಲು ಜಗಳಗಳು ಇಲ್ಲಿಗೇ ನಿಲ್ಲುತ್ತವೆ.

ನಿಜವಾದ ವಿರೋಧವಾದರೆ ಸಂಪ್ರದಾಯದ ನಿಯಮ ಸ್ಪಷ್ಟವಾಗಿದೆ: 'ಶ್ರುತಿಸ್ಮೃತಿಪುರಾಣಾನಾಂ ವಿರೋಧೋ ಯತ್ರ ದೃಶ್ಯತೇ, ತತ್ರ ಶ್ರೌತಂ ಪ್ರಮಾಣಂ ತು ತಯೋರ್ದ್ವೈಧೇ ಸ್ಮೃತಿರ್ವರಾ' ಎನ್ನುತ್ತದೆ ವ್ಯಾಸಸ್ಮೃತಿ. ಮೂರರಲ್ಲಿ ವಿರೋಧ ಬಂದರೆ ಶ್ರುತಿ, ಉಳಿದೆರಡರಲ್ಲಿ ಬಂದರೆ ಸ್ಮೃತಿ. ಎರಡು ಶ್ರುತಿಗಳೇ ಬೇರೆಬೇರೆ ಹೇಳಿದರೆ ಎರಡೂ ಧರ್ಮವೇ ಎಂದು ಮನು (2.14).

ಈ ನಿಯಮವನ್ನು ಎಲ್ಲರ ಮೇಲೂ ಒಂದೇ ಸಮ ಹೇರಬೇಡಿ. ಮಧ್ವರು ಎತ್ತಿಹಿಡಿಯುವ ವಚನದಲ್ಲಿ ನಾಲ್ಕು ವೇದಗಳ ಜೊತೆ ಭಾರತ, ಪಾಂಚರಾತ್ರ, ಮೂಲರಾಮಾಯಣಗಳೂ 'ವೇದ' ಎಂದೇ ಎಣಿಕೆ. ಸಿದ್ಧಾಂತಶಿಖಾಮಣಿ ವೀರಶೈವಕ್ಕೆ ಶಿವೋಕ್ತವಾದ ಕಾಮಿಕಾದಿ ಆಗಮಗಳ ಉತ್ತರಭಾಗವನ್ನು ಆಧಾರವಾಗಿ ಹೇಳುತ್ತದೆ. ಯಾರ ಪ್ರಶ್ನೆಗೆ ಉತ್ತರಿಸುತ್ತಿದ್ದೀರೋ ಅವರ ಪರಂಪರೆಯ ಪ್ರಮಾಣಕ್ರಮವನ್ನು ಪುಟದ ತಲೆಯಲ್ಲಿ ಬರೆದುಕೊಂಡು ಮುಂದುವರಿಯಿರಿ.

## ಕಂಡ ಕೂಡಲೇ ನಿಲ್ಲಬೇಕಾದ ಗುರುತುಗಳು

ಅಂಕಿಯಿಲ್ಲದ ಆಕರ. ಮೂಲವಿಲ್ಲದೆ ಬರೀ ಅರ್ಥ. ಅರ್ಥದಲ್ಲಿ ಇಂದಿನ ವಿಜ್ಞಾನದ ಪದಗಳು. ಒಂದೇ ಶ್ಲೋಕಕ್ಕೆ ಮೂರು ಜನ ಮೂರು ಗ್ರಂಥಗಳ ಹೆಸರು ಹೇಳುವುದು. ಇವುಗಳಲ್ಲಿ ಒಂದು ಕಂಡರೂ ಒಂದನೆಯ ಹಂತಕ್ಕೆ ವಾಪಸ್ ಹೋಗಿ.

ಭವಿಷ್ಯಪುರಾಣದ ಪ್ರತಿಸರ್ಗಪರ್ವದಿಂದ ಎತ್ತಿದ 'ಭವಿಷ್ಯವಾಣಿ'ಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಮುದ್ರಿತ ಪಾಠದಲ್ಲಿ ಆಂಗ್ಲರ ಆಳ್ವಿಕೆಯವರೆಗಿನ ಸಂಗತಿಗಳು ಸೇರಿವೆ. ಪುರಾಣದ ಹಳೆಯ ಭಾಗದ ಜೊತೆ ಅದನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. 'ಜನನೀ ಜನ್ಮಭೂಮಿಶ್ಚ' ರಾಮನ ಮಾತೆಂದು ಬರೆಯುವ ಮುನ್ನವೂ ತಡೆಯಿರಿ, ಬರೋಡಾದ ಪರಿಷ್ಕೃತ ಪಾಠದಲ್ಲಿ ಅದು ಇಲ್ಲ. ಪರಿಷ್ಕೃತ ಪಾಠದಲ್ಲಿ ಇಲ್ಲದ್ದೆಲ್ಲ ಸುಳ್ಳು ಎಂದೂ ಬರೆಯಬೇಡಿ. 'ಈ ಆವೃತ್ತಿಯಲ್ಲಿ ಇಲ್ಲ' ಎಂದಷ್ಟೇ ಬರೆದರೆ ಸಾಕು.

## ಸ್ವಂತವಾಗಿ ಮಾಡಿ ನೋಡಲು

ನಚಿಕೇತನ ಕಥೆ ತೆಗೆದುಕೊಳ್ಳಿ. ಕೃಷ್ಣ ಯಜುರ್ವೇದದ ತೈತ್ತಿರೀಯ ಬ್ರಾಹ್ಮಣ 3.11.8ರಲ್ಲಿ ಅದು ಗದ್ಯದಲ್ಲಿದೆ, ಕಠೋಪನಿಷತ್ತಿನಲ್ಲಿ ಪದ್ಯದಲ್ಲಿ, ಮಹಾಭಾರತದ ಅನುಶಾಸನಪರ್ವದಲ್ಲಿ ಗೋದಾನದ ಪ್ರಕರಣದಲ್ಲಿ, ವರಾಹಪುರಾಣದಲ್ಲಿ ಇನ್ನೂ ಬೆಳೆದು ನಿಂತಿದೆ. ನಾಲ್ಕು ಪುಟ ತೆಗೆದು, ಮೊದಲು ಬ್ರಾಹ್ಮಣದ ಮೂರು ವರಗಳನ್ನೂ ಕಠದ ಮೂರು ವರಗಳನ್ನೂ ಎದುರುಬದುರಾಗಿ ಬರೆಯಿರಿ. ಮೊದಲನೆಯ ವರ ಎರಡರಲ್ಲೂ ತಂದೆಯನ್ನು ಕುರಿತದ್ದು. ಮೂರನೆಯದರ ಹತ್ತಿರ ಬಂದಾಗ ಬ್ರಾಹ್ಮಣದಲ್ಲಿ 'ಪುನರ್ಮೃತ್ಯು' ಎಂಬ ಪದ ಸಿಗುತ್ತದೆ. ಅದರ ಕೆಳಗೆ ಗೆರೆ ಎಳೆದು, ಕಠದಲ್ಲಿ ಅದರ ಜಾಗದಲ್ಲಿ ನಚಿಕೇತ ಏನು ಕೇಳಿದ ಎಂದು ಮೂಲದ ಪದಗಳಲ್ಲೇ ಪಕ್ಕಕ್ಕೆ ಬರೆಯಿರಿ. ಅನುವಾದವನ್ನು ಅಲ್ಲಿಯವರೆಗೆ ತೆರೆಯಬೇಡಿ.